ಗೋಪಮ್ಮ ಆಟ ಕಲಿತದ್ದು

ಹಲೋ... ಹಲೋ... ಯಾರ್ರೀ ಮಾತಾಡೋರು? ಮಾನ್ವಿ ಬಾಲವಿಹಾರ ಸಂಘದ ಆಫೀಸ್ ಹೌದಲ್ರೀ?...

ಹಾಂ, ವೆಂಕಣ್ಣ ಸಾಹೇಬ್ರೇನ್ರೀ? ನಮಸ್ಕಾರ್ರೀ. ನಾನು ದೇವದುರ್ಗದಿಂದ ಗೋಪಮ್ಮ. ಇಲ್ಲಿ ಸಂಘದ ಪಾರ್ಕಿನಾಗ ಕೆಲಸ ಮಾಡಾಕಿ... ಹೌದ್ರೀ, ಮಾಲಿ ಆದೆಪ್ಪ ಇದ್ದನಲ್ರೀ, ಹೋದ ವರ್ಷ ತೀರಿಕೊಂಡ, ಅವನ ಹೆಂಡ್ತಿ. ಅವನ ಜಾಗಕ್ಕ ನನ್ನ ತಗೊಂಡಾರ...

ನಿಮ್ಮ ಪಾರ್ಕಿನ ಹಣಮಮ್ಮನ ಜೋಡಿ ಜರಾ ಮಾತಾಡಬೇಕಿತ್ರೀ. ಬ್ಯಾಸಗ್ಯಾಗ ರಾಯಚೂರಾಗ ಟ್ರೇನಿಂಗ್ ಆತಲ್ರೀ, ಮಕ್ಕಳ ವರ್ಷ ಅಂತ, ಪಾರ್ಕಿನಾಗ ಕೆಲಸ ಮಾಡೋರಿಗಿ? ನಾವಿಬ್ಬರೂ ಒಂದೇ ಖೋಲಿಯಾಗ ಇದ್ವಿ... ಏನಂದ್ರಿ? ಒಳಗ ಅದಾಳ? ಆಫೀಸಿನಾಗ? ಪಾರ್ಕಿನಾಗಲ್ಲ?... ಇರ್ಲಿ ಇರ್ಲಿ, ಕರೀರಿ. ಹಿಡ್ಕೊಂಡಿರ್ತೀನಿ...

ಹಲೋ? ಹಣಮಕ್ಕಾ?... ನಾನು ಬೇ, ಗೋಪಿ. ಖೂನ ಸಿಗವಲ್ದೇನು?... ಯವ್ವಾ, ಹಂಗ ಒದರಬ್ಯಾಡ, ಕಿವಿ ಹರೀತಾವ. ಮೆಲ್ಲಕ ಮಾತಾಡು, ಕೇಳ್ತದ...

ಇಲ್ಲ, ಇಲ್ಲ, ಯಾರೂ ಸತ್ತಿಲ್ಲ. ಟ್ರಂಕ್ ಕಾಲ್ ಅಂದ್ರ ಸಾವಿನ ಸುದ್ದೀನೇ ಆಗ್ಬೇಕೇನು? ನಮ್ಮ ಕಾರ್ಯದರ್ಶಿ ಹಂಪಣ್ಣ ಸಾಹೇಬ್ರೇ ಹಚ್ಚಿ ಕೊಟ್ರು. ಟ್ರೇನಿಂಗಿನ ವಿಷಯ ಅದ, ಮಾತಾಡು ಅಂದ್ರು...

ಉಂಡಿ?... ನಂದೂ ಆತು. ರೊಟ್ಟಿ, ಪುಂಡಿಪಲ್ಯ...

ಕೇಳಿಲ್ಲಿ. ಎರಡನೇ ಟ್ರೇನಿಂಗ್ ಬಂದದಲ್ಲ, ಮತ್ತ ರಾಯಚೂರಾಗೇ. ಈ ಸಲ ಮೂರು ತಿಂಗಳಂತ. ಮುಗಿಸಿದೋರನ್ನ ಖಾಯಂ ಮಾಡ್ತಾರಂತ. ಬರೇ ನೀರು ಹಾಕೋದು, ಕಸಾ ಹೊಡಿಯೋದು ಅಲ್ಲ, ಮಕ್ಕಳಿಗಿ ಆಟ ಆಡಿಸೋರು ಅಂತ ಹೆಸರೇ ಬ್ಯಾರೆ. ನಂದು ಹೆಸರು ಬಂದದ. ನಾಳಿ ಮುಂಜಾನಿ ಗಬ್ಬೂರ ಮ್ಯಾಲ ಹೋಗೋ ಬಸ್ಸಿಗಿ ಹೊಂಟೀನಿ. ನೀ ಯಾವಾಗ ಬರ್ತಿ? ನಾ ಮೊದಲೇ ಹೋಗಿ ಕಿಡಕಿ ಕಡೀದು ಖಾಟ ಹಿಡದಿಡ್ತೀನಿ, ನಿನಗ ಸೆಕಿ ತಡಿಯಂಗಿಲ್ಲ...

ಏನಂದಿ?... ಜರಾ ಜೋರಾಗಿ ಅನ್ನು... ಬರಂಗಿಲ್ಲ? ಯಾಕ?... ನಿನ್ನ ಹೆಸರು ಬಂದಿಲ್ಲ? ಹೆಂಗ ಬರಂಗಿಲ್ಲ? ಎಲ್ಲಾರಿಗಿಂತ ನೀನೇ ಶ್ಯಾಣ್ಯಾಕಿ ಇದ್ದಿ. ಕಮರುನ್ನೀಸಾ ಟೀಚರ್ ಎಲ್ಲಾರ ಮುಂದ ಅಂದಿದ್ರಲ್ಲ, ಹಣಮಮ್ಮ ಸೀಟಿ ಊದಿದ್ರ ಓಡೋ ಹುಡುಗರು ನಿಂತಲ್ಲೇ ನಿಲ್ತಾರ ಅಂತ...

ಹಾಂ... ಹಾಂ... ಪಾರ್ಕಿನಾಗಿಂದ ತಗದಾರ? ಯಾವಾಗ?... ಟ್ರೇನಿಂಗಿನಿಂದ ಬಂದ ವಾರದಾಗೇ?... ಆಫೀಸಿನಾಗ ಮಂದಿ ಇಲ್ಲಂತ... ಚಹಾ ಕೊಡಾಕ, ಕಪ್ಪು ತೊಳಿಯಾಕ... ಮತ್ತ ಅಷ್ಟು ದಿನ ಕಲಿಸಿದ್ದು ಯಾಕಂತ? ಕೇಳಲಿಲ್ಲೇನು ನೀ?... ಹಾಂ. ಹೌದು. ನಾವೇನು ಕೇಳ್ತೀವಿ ಬಿಡು...

ಸೀಟಿ ಒಂದು ಸಲನೂ ಊದಿಲ್ಲ?... ಒಂದು ಸಲನೂ?...

ನಾ ಸಾಹೇಬ್ರಿಗಿ ಹೂಂ ಅಂದದ್ದೇ ನೀ ಇರ್ತಿ ಅಂತ ಹಣಮಕ್ಕಾ. ಆ ಖೋಲಿಯಾಗ ಒಬ್ಬಾಕೇ ಹೆಂಗ ಇರ್ಲಿ? ಟ್ರೇನಿಂಗಿಗಿ ಬರೋರು ಬಾಕಿ ಎಲ್ಲಾ ಗಂಡಸರು. ಊಟದ ಹೊತ್ತಿಗಿ ಸುದಾ ನಾವಿಬ್ಬರೇ ಒಂದು ಮೂಲ್ಯಾಗ ಕುಂದ್ರತಿದ್ವಿ...

ನೆನಪದ?... ಹಾಂ, ಅವರೇ, ಟ್ರೇನಿಂಗಿನಾಗ ಭಾಷಣ ಮಾಡ್ತಿದ್ದ ಕನ್ನಡಕದ ಸಾಹೇಬ್ರು. 'ವಿರಾಮ ಕಾಲದ ಸದುಪಯೋಗ' ಅಂತ ದಿನಾ ಹೇಳ್ತಿದ್ರು. ವಿರಾಮ ಅಂದ್ರೇನಕ್ಕಾ ಅಂತ ನಿನ್ನ ಕೇಳಿದ್ರ, ನಮಗ ಇಲ್ಲದ್ದು ಅಂದಿ. ನಾ ಬಾಯಿಗಿ ಸೆರಗು ತುರುಕಿಕೊಂಡು ನಕ್ಕೆ...

ಮೊದಲನೇ ದಿನ ನೆನಪದ? ಟೀಚರ್ ಎಲ್ಲಾರನ್ನ ದುಂಡಗ ನಿಲ್ಲಿಸಿ, ನೀವು ಸಣ್ಣೋರಿದ್ದಾಗ ಆಡಿದ್ದು ಒಂದೊಂದು ಆಟ ತೋರಸ್ರಿ ಅಂದ್ರು. ಒಬ್ಬ ಚಿಣ್ಣಿದಾಂಡು ಅಂದ, ಒಬ್ಬ ಗೋಲಿ ಅಂದ. ಆಮ್ಯಾಲ ನನ್ನ ಸರದಿ ಬಂತು. ಸಣ್ಣಾಕಿದ್ದಾಗ ತವರೂರು ಮಸರಕಲ್ಲಾಗ ಕಳೆ ತಗಿಯಾಕ ಹೋಗೋದು, ಬಂದು ತಮ್ಮನ್ನ ಬಗಲಾಗ ಎತ್ತಿಕೊಳ್ಳೋದು. ಅವನು ನಡಿಯೋದು ಕಲಿಯೂದ್ರಾಗ ಇನ್ನೊಬ್ಬ ಹುಟ್ಟಿರ್ತಿದ್ದ. ಆಡೋರನ್ನ ನೋಡಿದ್ದೆ, ಆಡಿದ್ದಿಲ್ಲ. 'ನನಗ ಯಾವ ಆಟನೂ ಬರಂಗಿಲ್ರೀ' ಅಂದ್ರ ಎಲ್ಲಾರೂ ಚಾಷ್ಟಿ ಅಂತ ನಕ್ಕರು. ನೀ ಒಬ್ಬಾಕಿ ನಗಲಿಲ್ಲ...

ಹೂಂ, ಕುಂಟಾಬಿಲ್ಲಿ. ಮನಿ ಗೀಚಿ, ಕುಂಟು ಅಂದಿ. ನಾ ಎರಡನೇ ಮನ್ಯಾಗೇ ಬಿದ್ದೆ. ಆಮ್ಯಾಲ ಸೀರಿ ಕಚ್ಚಿ ಹಾಕ್ಕೊಂಡು ಆಡಿದ್ವಲ್ಲ... ಹಣಮಕ್ಕಾ, ಅವತ್ತು ನಕ್ಕಂಗ ನಾ ಆದೆಪ್ಪ ಹೋದ ಮ್ಯಾಲ ನಕ್ಕಿದ್ದಿಲ್ಲ. ಖರೇ ಹೇಳ್ಬೇಕಂದ್ರ, ಅವನು ಇದ್ದಾಗೂ ನಕ್ಕಿದ್ದಿಲ್ಲ...

ನಮ್ಮಲ್ಲೇನು? ಹುಡುಗರು ಬರ್ತಾರೇನಂತ?... ಬರ್ತಾರ. ಅದೊಂದು ದೊಡ್ಡ ಕತಿ. ಹೇಳ್ಲಾ? ಹೊತ್ತು ಅದಲ್ಲ ನಿನಗ?...

ಟ್ರೇನಿಂಗ್ ಮುಗಿಸಿ ಬಂದೆ. ಜೋಕಾಲಿ ಸರಪಳಿಗಿ ಎಣ್ಣಿ ಹಾಕಿದೆ, ಜಾರಬಂಡಿ ಕೆಳಗ ಉಸುಕು ಹಾಕಿದೆ, ಕಲಿಸಿದಂಗೇ. ಸಂಜೀಕ ಸೀಟಿ ಊದಿದೆ. ಒಂದು ನರಪಿಳ್ಳಿನೂ ಬರಲಿಲ್ಲ. ಹೆಂಗ ಬರ್ತಾರ? ಆದೆಪ್ಪ ಅಷ್ಟು ವರ್ಷ ಬಡಿಗಿ ಹಿಡ್ಕೊಂಡು ಹುಡುಗರನ್ನ ಓಡಿಸ್ಯಾನ, ಹೂವ ಹರೀತಾರ, ಹುಲ್ಲು ತುಳೀತಾರ ಅಂತ. ದರ್ವಾಜಿ ಹಂತ್ಯಾಕ ಬಂದು, ನನ್ನ ನೋಡಿ, ಮಾಲಿ ಹೆಂಡ್ತಿ ಬಂದಾಳಲೇ ಅಂತ ಓಡಿ ಹೋಗ್ತಿದ್ರು...

ಹೂಂ... ಗೊತ್ತಿಲ್ಲಕ್ಕಾ. ನಮಗ ಮಕ್ಕಳಾಗಲಿಲ್ಲಂತ ಅವನಿಗಿ ಒಳಗೊಳಗ ಸಿಟ್ಟಿತ್ತೇನೋ. ಕೇಳಬೇಕಿತ್ತು. ಹಂತಾ ಮಾತು ನಾವು ಆಡಲೇ ಇಲ್ಲ...

ಮತ್ತೇನು ಮಾಡ್ಲಿ? ಒಂದು ದಿನ ತಡಕೊಳ್ಳಾಕ ಆಗಲಿಲ್ಲ. ಇದ್ದಲಿ ತಗೊಂಡು ಹಾಸುಗಲ್ಲಿನ ಮ್ಯಾಲ ಮನಿ ಗೀಚಿದೆ. ಬಿಲ್ಲಿ ಒಗದು ಒಬ್ಬಾಕೇ ಕುಂಟಿದೆ. ಹೋಗಾಕ ಒಮ್ಮೆ, ಬರಾಕ ಒಮ್ಮೆ... ನಗಬ್ಯಾಡ. ನೀ ನಕ್ರ ಪರವಾಗಿಲ್ಲ ಬಿಡು. ದಾರ್ಯಾಗ ಹೋಗೋರು ಸೈಕಲ್ ನಿಲ್ಲಿಸಿ ನಿಂತು ನಕ್ಕರು. ಗಂಡ ಸತ್ತ ಹೆಂಗಸಿಗಿ ತಲಿ ಕೆಟ್ಟದ ಅಂದ್ರು. ನಮ್ಮತ್ತಿಗಿ ಸುದ್ದಿ ಮುಟ್ಟಿತು. ಮನಿಗಿ ಹೋಗೂದ್ರಾಗ ಬಾಗಲಾಗೇ ಕುಂತಿದ್ಲು. 'ನನ್ನ ಮಗ ಮಣ್ಣಾಗಿ ವರ್ಷ ಆಗಿಲ್ಲ, ನೀ ಬಜಾರದಾಗ ಕುಣೀತಿಯೇನು' ಅಂದ್ಲು...

ಏನಂತೀನಿ? ಸಂಘದ ಕೆಲಸ ಅದ ಅತ್ತಿ ಅಂದೆ. ಒಲಿ ಹಚ್ಚಿ ರೊಟ್ಟಿ ಬಡದೆ. ಆಕಿ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ...

ಮರುದಿನ ಮತ್ತ ಕುಂಟಿದೆ. ಹೂಂ, ನಾಚಿಕಿ ಬರ್ತಿತ್ತು, ಬರಲಾರದೇನು? ದಿನಾ ಅಷ್ಟು ಮಂದ್ಯಾಗ ಒಬ್ಬಾಕೇ ಇರೋದು ಹೆಂಗಿರ್ತದ ಗೊತ್ತೇನು ನಿನಗ? ಹಂಗ ಆರೋ ಏಳೋ ದಿನ ಆಗಿರಬೇಕು. ಒಂದು ಹುಡುಗಿ ಒಳಗ ಬಂದು ನಿಂತ್ಲು. ಕರೆಮ್ಮ ಅಂತ, ಮನಿ ಕಟ್ಟೋ ಗೌಂಡಿ ಕೆಲಸದೋರ ಮಗಳು. ಬಗಲಾಗ ಕೂಸು. 'ಯವ್ವಾ, ನೀ ಗೆರಿ ತುಳದಿ' ಅಂದ್ಲು...

ಹೌದು ಬೇ! ನನಗೇ ತಪ್ಪು ತೋರಿಸಿದ್ಲು. ಹಂಗಾರ ನೀ ಆಡಿ ತೋರ್ಸು ಅಂದೆ. ಆಕಿ ಕೂಸಿನ ಕಡಿ ನೋಡಿದ್ಲು. ಕೂಸು ಇಳಿಸಿದ್ರ ಅಳ್ತದ, ಅತ್ರ ಅವ್ವ ಹೊಡೀತಾಳ ಅಂದ್ಲು. ಅವಾಗ ನನಗ ತಿಳೀತು ಹಣಮಕ್ಕಾ. ಸಂಜೀಕ ದರ್ವಾಜಿ ಹೊರಗ ನಿಂತು ನೋಡೋ ಹುಡುಗೇರು ಎಲ್ಲಾರ ಬಗಲಾಗೂ ಒಂದೊಂದು ಕೂಸು. ಆಡಾಕ ಮನಸ್ಸದ, ಕೈ ಖಾಲಿ ಇಲ್ಲ...

ಏನು ಮಾಡ್ತೀನಿ? 'ತಾ ಇಲ್ಲಿ' ಅಂದು ಇಸ್ಕೊಂಡೆ. ಯವ್ವಾ, ಕೂಸು ಹಿಡಿದು ಎಷ್ಟು ವರ್ಷ ಆಗಿತ್ತು ನನಗ... ಅಳಲಿಲ್ಲ. ನನ್ನ ಮೂಗು ಹಿಡ್ಕೊಂಡಿತು...

ಮರುದಿನ ಮೂರು ಮಂದಿ, ಆಮ್ಯಾಲ ಓಣಿಗಿ ಓಣೀನೇ ಬಂತು. ಬೇವಿನ ಗಿಡದ ಕೆಳಗ ಗೋಣಿತಟ್ಟು ಹಾಸಿ ಕೂಸುಗಳನ್ನ ಸಾಲಾಗಿ ಮಲಗಿಸ್ತಿದ್ದೆ. ಹುಡುಗೇರು ಆಡೋರು. ಕೆರಿ-ದಂಡಿ ಆಟ, ಖೋಖೋ, ನೀ ಕಲಿಸಿದ್ದೆಲ್ಲಾ. ನಾ ಒಂದು ಕೂಸು ಬಗಲಾಗ, ಒಂದು ಹೆಗಲ ಮ್ಯಾಲ ಹೊತ್ತು ಸೀಟಿ ಊದತಿದ್ದೆ. ನೀ ಇರ್ಬೇಕಿತ್ತು...

ಹಾಂ?... ಹಲೋ, ಯಾರು?... ಎಕ್ಸ್‌ಚೇಂಜಿನೋರೇನ್ರೀ? ಟೈಮ್ ಆತೇನ್ರೀ? ಜರಾ ಮುಂದುವರಸ್ರಿ ಮೇಡಂ. ಹೂಂ, ಸಾಹೇಬ್ರು ಇಲ್ಲೇ ಅದಾರ, ಹೂಂ ಅನ್ನಾಕತ್ತಾರ... ಹಣಮಕ್ಕಾ, ಇದ್ದಿ?...

ಅತ್ತಿನಾ? ಅದನ್ನೇ ಹೇಳಾಕ ಹೊಂಟಿದ್ದೆ. ಒಂದು ಸಂಜಿ ಕೋಲೂರಿಕೊಂಡು ಬಂದ್ಲು, ನನ್ನ ಮನಿಗಿ ಎಳಕೊಂಡು ಹೋಗಾಕ. ಬೈಕೊಂತೇ ಬಂದ್ಲು. ಅಷ್ಟ್ರಾಗ ಆಟದಾಗ ಒಂದು ಹುಡುಗಿ ಬಿದ್ದು ಮೊಳಕಾಲು ಕೆತ್ತಿಕೊಂಡಿತು. ನನ್ನ ಕೈಯಾಗಿನ ಕೂಸು ಅತ್ತಿ ಉಡಿಯಾಗ ಹಾಕಿ ಓಡಿದೆ. ಕಲಿಸಿದಂಗ ನೀರಿನಿಂದ ತೊಳದು ಅರಿವಿ ಕಟ್ಟಿ, ತಿರಗಿ ನೋಡ್ತೀನಿ... ಅತ್ತಿ ಗಿಡದ ಕೆಳಗ ಕುಂತು ಕೂಸಿನ ತಲಿ ಸವರಾಕತ್ತಾಳ. ಬೈಯೋ ಬಾಯಿ ಬಂದ್ ಆಗ್ಯದ...

ಹೂಂ, ದಿನಾ ಬರ್ತಾಳ ಈಗ. ನನಗಿಂತ ಮೊದಲೇ ಬಂದು ಗೋಣಿತಟ್ಟು ಹಾಸ್ತಾಳ. ಒಂದಿನ ಹಂಗೇ ಕುಂತಲ್ಲೇ ಕೇಳಿದ್ಲು, 'ಖರೇನ ನನ್ನ ಮಗ ಈ ಹುಡುಗರನ್ನ ಬಡಿಗಿ ತಗೊಂಡು ಓಡಿಸ್ತಿದ್ನೇನು?' ಅಂತ. ನಾ ಏನು ಹೇಳ್ಲಿ? ಇಲ್ಲ ಅತ್ತಿ, ಅಂಜಿಸ್ತಿದ್ದ ಅಷ್ಟೇ, ಹೊಡೀತಿದ್ದಿಲ್ಲ ಅಂದೆ. ಹೊಡೀತಿದ್ದಿಲ್ಲ, ಅದು ಖರೇ...

ಯಾರೂ ಅಡ್ಡಿ ಮಾಡಲಿಲ್ಲೇನಂತ? ಮಾಡಿದ್ರು. ವಾಕಿಂಗಿಗಿ ಬರೋ ದೊಡ್ಡ ಮಂದಿ ಕಾರ್ಯದರ್ಶಿಗಳ ಮುಂದ ದೂರು ಹೇಳಿದ್ರು. ಪಾರ್ಕೋ ಏನು ಬಾಣಂತಿ ಮನಿಯೋ ಅಂತ. ಬಂದ್ ಮಾಡು ಅಂದ್ರು ನಮ್ಮ ಸಾಹೇಬ್ರು. ಅದೇ ವಾರ ಕಮರುನ್ನೀಸಾ ಟೀಚರ್ ರಾಯಚೂರಿಂದ ನೋಡಾಕ ಬಂದ್ರು, ಕಲಿಸಿದ್ದು ಏನು ಮಾಡಾಕತ್ತಾರ ಅಂತ. ದರ್ವಾಜ್ಯಾಗೇ ನಿಂತು ಬಿಟ್ರು. ಸಾಹೇಬ್ರ ಮುಂದ ಅಂದ್ರು, 'ಇದನ್ನ ನಾನು ಕಲಿಸಿದ್ದಿಲ್ಲ. ಈಕಿನ್ನ ಮುಂದಿನ ಟ್ರೇನಿಂಗಿಗಿ ಕಳಸ್ರಿ' ಅಂತ. ಬಂದ್ ಮಾಡೋ ಮಾತು ಅಲ್ಲಿಗೇ ನಿಂತಿತು, ಹಿಂಗ ನನ್ನ ಹೆಸರೂ ಬಂತು...

ಸಂತೋಷ ಅದ, ಯಾಕಿಲ್ಲ? ಹುಡುಗೇರಿಗಿ ನಿನ್ನೆ ಹೇಳಿದೆ. ಕರೆಮ್ಮ ಮಾರಿ ತಿರುವಿಕೊಂಡು ಹೋದ್ಲು, ಇವತ್ತು ಆಡಾಕ ಬರಲಿಲ್ಲ. ಅತ್ತಿ ಅಂದ್ಲು, 'ನೀ ಹೋಗು. ಕೂಸು ನಾ ಹಿಡೀತೀನಿ. ಸೀಟಿ ಮಾತ್ರ ನನ್ನಿಂದ ಆಗಂಗಿಲ್ಲ, ಹಲ್ಲಿಲ್ಲ.' ಆಕಿನ್ನ ಒಬ್ಬಾಕಿನೇ ಬಿಟ್ಟು ಹೋಗಬೇಕಲ್ಲ ಅಂತ ನಾ ಅಳಾಕತ್ತಿದ್ರ, 'ನಾ ಎಲ್ಲಿ ಒಬ್ಬಾಕಿ? ಉಡಿ ತುಂಬ ಕೂಸು ಅವ. ಒಬ್ಬಾಕಿ ಆಗಾಕಿ ನೀನು' ಅಂದ್ಲು. ಆ ಮಾತು ಎದ್ಯಾಗ ನಟ್ಟದ ನೋಡು. ನಿನಗ ಫೋನ್ ಹಚ್ಚಬೇಕು ಅನಿಸಿದ್ದು ಅವಾಗೇ...

ಹಣಮಕ್ಕಾ?... ಅಳಾಕತ್ತಿಯೇನು?... ನನ್ನ ಮುಂದ ಸುಳ್ಳು ಹೇಳಬ್ಯಾಡ. ನೆಗಡಿ ಅಂತ ನೆಗಡಿ... ಅಳಬ್ಯಾಡ ಬೇ. ನಾನೂ ಅಳ್ತೀನಿ ಮತ್ತ, ಇಲ್ಲಿ ಸಾಹೇಬ್ರು ಕುಂತಾರ...

ಐತವಾರ ರಾಯಚೂರಿಗಿ ಬಂದು ಹೋಗು. ಖೋಲಿ ನಂದೇ ಇರ್ತದ... ಬಿಡಂಗಿಲ್ಲ?... ಐತವಾರನೂ ಆಫೀಸು? ಮೀಟಿಂಗ್ ಇರ್ತದ... ಹಾಂ, ಮಧ್ಯಾಹ್ನ ಮುಗೀತದ?... ಹಂಗಾರ ಕೇಳು, ನಾನೇ ಬರ್ತೀನಿ ಮಾನ್ವಿಗಿ. ಐತವಾರಕ್ಕೊಮ್ಮೆ. ರಾಯಚೂರಿಂದ ಎಷ್ಟು ದೂರ ಅದ? ವಾರದಾಗ ನಾ ಏನು ಕಲಿತೀನಿ ಅದೆಲ್ಲಾ ನಿನಗ ಕಲಿಸ್ತೀನಿ. ನೀ ಕಲಿಬೇಕು. ನಾಳಿಗಿ ನಿಮ್ಮ ಸಾಹೇಬ್ರು ಬದಲಿ ಆದ್ರ, ಪಾರ್ಕಿಗಿ ಹೋಗು ಅಂದ್ರ, ನೀ ತಯಾರಿ ಇರ್ಬೇಕಲ್ಲ?...

ಎಲ್ಲಿ ಅಂದ್ರ? ನಿಮ್ಮ ಮನಿ ಅಂಗಳದಾಗ. ಇಬ್ಬರೇ ಆಡೋಣು... ನಿನ್ನ ಗಂಡ ಏನಂತಾನ? ನಗ್ತಾನ, ನಗಲಿ. ಸೊಸಿ ಬರೋ ವಯಸ್ಸಿನಾಗ ಕುಣೀತಾಳ ಅಂದ್ರ ಅನ್ಲಿ. ನಾ ಮಂದಿ ನಗೋದು ಕೇಳಿ ಗಟ್ಟಿ ಆಗೀನಿ, ನಿನ್ನ ಮುಂದ ನಿಂತು ಆಡ್ತೀನಿ. ಏನಂತಿ? ಬರ್ಲಾ? ಆಡ್ತಿಯೇನು ನನ್ನ ಜೋಡಿ?...

ಹಲೋ?... ಹಣಮಕ್ಕಾ, ಕೇಳವಲ್ದು, ಜರಾ ಜೋರಾಗಿ... ಹಲೋ... ಹಲೋ...

ಲೈನ್ ಹೋತ್ರೀ ಹಂಪಣ್ಣ ಸಾಹೇಬ್ರೇ. ಆಕಿ ಹೂಂ ಅಂದ್ಲೋ ಉಹುಂ ಅಂದ್ಲೋ ತಿಳೀಲಿಲ್ಲ... ಬ್ಯಾಡ್ರೀ, ಮತ್ತ ಹಚ್ಚಬ್ಯಾಡ್ರೀ. ಐತವಾರ ಹೋಗೇ ಕೇಳ್ತೀನಿ.