ಒಂದನೇ ಚೀಟಿಯ ಕಾಳಕ್ಕ

ಹಿರಿಯೂರಿನ ಒಂದು ಕಣ್ಣಾಸ್ಪತ್ರೆ. ಪೊರೆ ತೆಗೆಸಲು ಬಂದಿದ್ದ ಕಾಳಕ್ಕನ ಕಣ್ಣಿಗೆ ಆಗಲೇ ಹನಿ ಬಿಟ್ಟಿದ್ದರು. ಸರದಿಗೆ ಕಾಯುತ್ತಿದ್ದ ನನ್ನೆದುರಿಗೇ ಕೂತು ಮೊಮ್ಮಗಳು ದೇವಿಕಾಳ ಕೈ ಹಿಡಿದಿದ್ದರು.

“ನಂದೇ ಒಂದ್ನೇ ಚೀಟಿ ಏನೇ? ಭಯ ಆಗ್ತೈತೆ.”

“ಇವತ್ತಿನ ಹತ್ತು ಚೀಟೀನೂ ಅ ಆ ಇ ಈ ಪ್ರಕಾರ ನಿಲ್ಸಿದ್ರೆ ನೀನು ಮೊದ್ಲಲ್ಲ ಅಜ್ಜಿ. ಆರು ಮೊದ್ಲು. ಆಮೇಲೆ ಎಂಟು, ಎರಡು, ಏಳು, ಐದು. ಅವೆಲ್ಲ ಹೋದ್ಮೇಲೆ ಒಂದು.”

“ಹೌದಲ್ಲೇ! ಐದೂ ಕುರಿ ಹಂಗೆ ಮಂಜಿನಾಗೆ ನಡ್ಕಂಡು ಹೋಗ್ತಾ ಅವೆ. ನಾನು ನಿಧಾನಕ್ಕೆ ಹಿಂದೆ.”

“ಒಂದ್ನೇ ನಂಬರ್, ಬರ್ರಿ,” ನರ್ಸ್ ಕರೆದರು.

ಕಾಳಕ್ಕ ಏಳಲಿಲ್ಲ. “ರಾಗಿ ಅಳೆಯಾಗ ಮೊದಲ್ನೇ ಸೇರಿಗೆ ನಾವು ಒಂದು ಅನ್ನಲ್ಲ ಕಣವ್ವ, ಲಾಭ ಅಂತೀವಿ. ಹಂಗೆ ಕರಿ, ಬರ್ತೀನಿ.”

ನರ್ಸ್ ನಕ್ಕರು. “ಲಾಭ, ಬರ್ರಿ.”

ಕಾಳಕ್ಕ ಮೊಮ್ಮಗಳ ಕೈ ಬಿಟ್ಟು ಒಳಗೆ ನಡೆದರು.