ಹನಿ ತುಂಗವ್ವನ ಗಾಣ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಇವತ್ತು ಹೂಂ ಅನ್ನೋದು ಯಾರು? ಹೂಂಗುಟ್ಟೋರಿಲ್ಲದೆ ಕಥೆ ಹೇಳಿದರೆ ಎತ್ತಿಲ್ಲದೆ ಗಾಣ ತಿರುಗಿಸಿದ ಹಾಗೆ. ಸರಿ, ನೀವೇ ಅನ್ನಿ ಅಜ್ಜಿ. ನಡುವೆ ತೂಕಡಿಸಬೇಡಿ ಮತ್ತೆ.

ಒಂದಾನೊಂದು ಕಾಲದಲ್ಲಿ ಒಂದು ಊರು. ಯಾವ ಊರು ಅನ್ನಬೇಡಿ, ನಮ್ಮಜ್ಜ ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಊರಲ್ಲಿ ಒಂದು ಎಣ್ಣೆ ಗಾಣ. ಗಾಣಕ್ಕೆ ಒಬ್ಬ ಯಜಮಾನ, ಭರಮಣ್ಣ. ಭರಮಣ್ಣನಿಗೆ ಒಬ್ಬಳು ಹೆಂಡತಿ, ತುಂಗವ್ವ. ಇಬ್ಬರಿಗೂ ಸೇರಿ ಒಂದು ಎತ್ತು, ಕೌಲ. ತಾಯಿ ಸತ್ತ ಕರುವನ್ನು ತುಂಗವ್ವನೇ ಗಂಜಿ ಕುಡಿಸಿ ಸಾಕಿದ್ದಳು. ಅವಳು ಕರೆದರೆ ಮಾತ್ರ ಅದು ನೊಗಕ್ಕೆ ಕುತ್ತಿಗೆ ಕೊಡುತ್ತಿತ್ತು.

ತುಂಗವ್ವ ಎಣ್ಣೆ ಅಳೆಯೋದನ್ನ ನೀವು ನೋಡಬೇಕಿತ್ತು. ಪಾವು ತುಂಬಿಸಿ ಕೊಂಡವರ ಗಿಂಡಿಗೆ ಸುರಿಯೋಳು. ಸುರಿದ ಮೇಲೂ ಪಾವನ್ನು ಬಗ್ಗಿಸಿಯೇ ಹಿಡಿಯೋಳು. ಒಂದು ಹನಿ ಬಿತ್ತಾ? ಎರಡನೇ ಹನಿ ಬಿತ್ತಾ? ಮೂರನೇದೂ ಬಿತ್ತಾ? ಮೂರೂ ಕೊಂಡವರದ್ದು. ಆಮೇಲೂ ಪಾವಿನ ಒಳಗೆ ಒಂದಿಷ್ಟು ಎಣ್ಣೆ ಅಂಟಿಕೊಂಡಿರುತ್ತಲ್ಲ, ಬೇರೆ ಗಾಣಿಗರು ಪಾವನ್ನು ಗೂಟಕ್ಕೆ ನೇತು ಹಾಕಿ ಅದನ್ನ ನೆಲಕ್ಕೆ ಕುಡಿಸೋರು. ಇವಳು ಒಂದು ಕುಡಿಕೆ ಇಟ್ಟು, ಅದರ ಬಾಯಿಗೆ ಪಾವನ್ನು ಬೋರಲು ಹಾಕೋಳು.

ಊರು ಸುಮ್ಮನಿರುತ್ತಾ? "ಹನಿ ತುಂಗವ್ವ" ಅಂತ ಹೆಸರಿಟ್ಟಿತು. ನೀರಿಗೆ ಹೋದರೆ ಪಕ್ಕದ ಮನೆ ಸಿದ್ದವ್ವ ಕೆಣಕೋಳು. "ಏನೇ ಹನಿ ತುಂಗವ್ವ, ನಿನ್ನ ಕುಡಿಕೇಲಿ ಆನೆ ಈಜುತ್ತಾ?"

"ಹನಿ ಹನಿ ಕೂಡಿದರೆ ಹಳ್ಳ ಕಣಕ್ಕ. ಹಳ್ಳ ಆಗಲಿ, ಆನೆ ತಾನೇ ಹುಡುಕ್ಕೊಂಡು ಬರುತ್ತೆ," ಅಂದು ತುಂಗವ್ವ ತಲೆ ಎತ್ತಿಕೊಂಡೇ ಕೊಡ ಎತ್ತೋಳು.

ಪ್ರತಿ ಅಮಾವಾಸ್ಯೆ ಆ ಕುಡಿಕೆಯನ್ನು ಸೆರಗಲ್ಲಿ ಮುಚ್ಚಿಕೊಂಡು ಎಲ್ಲಿಗೋ ಹೋಗಿ ಬರೋಳು. ಎಲ್ಲಿಗೆ? ಹೇಳ್ತೀನಿ, ತಡೀರಿ.

ಭರಮಣ್ಣ ಕೆಟ್ಟವನಲ್ಲ, ಶೋಕಿಯವನು. ಸಂತೆಗೆ ಹೋದರೆ ಹೊಳೆಯೋದೆಲ್ಲ ಬೇಕು. ಒಂದು ಸಲ ಜರಿ ಪೇಟ ಕಂಡ. ತುಂಗವ್ವ ಮೂರು ಮಾತು ಕೇಳಿದಳು. "ಬೇಕಾ? ಇವತ್ತೇ ಬೇಕಾ? ಇದೇ ಬೇಕಾ?" ಅವನು ಮೂರಕ್ಕೂ ಹೂಂ ಅಂದ, ಕೊಂಡ. ಇನ್ನೊಂದು ಸಲ ಅತ್ತರು ಕಂಡ. "ಬೇಕಾ? ಇವತ್ತೇ ಬೇಕಾ? ಇದೇ ಬೇಕಾ?" ಅದನ್ನೂ ಕೊಂಡ. ಎಣ್ಣೆ ವಾಸನೆ ಮುಂದೆ ಅತ್ತರು ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ? ಮೂರನೇ ಸಲ ಊರಿನ ಕಂಚುಗಾರನ ಅಂಗಡೀಲೇ ಎತ್ತಿನ ಕೊರಳಿಗೆ ಕಟ್ಟೋ ಗಂಟೆ ಕಂಡ. ಅಲ್ಲಾಡಿಸಿದರೆ ಘಲ್ ಅಂತು. ಜೊತೆಗಿದ್ದ ಕೌಲ ಕಿವಿ ನಿಮಿರಿಸಿತು. ತುಂಗವ್ವನಿಗೂ ಆಸೆ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೂ ಕೇಳಿದಳು. "ಇವತ್ತೇ ಬೇಕಾ?" ಆವತ್ತು ಭರಮಣ್ಣ ಸೋತ. ಗೊಣಗಿಕೊಂಡು ಗಂಟೆ ಕೆಳಗಿಟ್ಟ.

ಈಗ ಗಾಣದ ವಿಷಯ ಕೇಳಿ. ಅದು ಮರದ ಒರಳು, ಭರಮಣ್ಣನ ತಾತನ ಕಾಲದ್ದು. ತಿರುಗುವಾಗ 'ಕಿರ್ರೋ' ಅನ್ನೋದು ಅದರ ಹಾಡು. ಒಂದು ದಿನ ಆ ಹಾಡಿನ ನಡುವೆ 'ಟಿಕ್' ಅಂತು. ತುಂಗವ್ವನ ಕಿವಿಗೆ ಬಿತ್ತು.

"ರೀ, ಒರಳು ಸೀಳ್ತಾ ಇದೆ."

"ತಾತನ ಗಾಣ ಕಣೇ! ನನ್ನನ್ನ ಮಣ್ಣು ಮಾಡಿದ ಮೇಲೂ ಇರುತ್ತೆ ಅದು," ಅಂದ ಭರಮಣ್ಣ. ಮೇಣಕ್ಕೆ ಹಿಂಡಿ ಕಲಸಿ ಬಿರುಕಿಗೆ ಮೆತ್ತಿದ. ಮೇಲೆ ಕುಂಕುಮ ಇಟ್ಟ. ಕುಂಕುಮ ಇಟ್ಟರೆ ಬಿರುಕು ಕೂಡುತ್ತಾ?

ಒಂದು ವರ್ಷ ಮೇಣ ಹಿಡೀತು. ಎರಡು ವರ್ಷ ಹಿಡೀತು. ಮೂರು ವರ್ಷ ಆಯ್ತು. ದೀಪಾವಳಿ ಹತ್ತಿರ ಬಂತು, ಊರೆಲ್ಲ ಎಣ್ಣೆಗೆ ಬಾಯಿ ಬಿಡೋ ಕಾಲ. ಆಗ ನೋಡಿ, 'ಫಟ್' ಅಂತ ಒರಳು ಎರಡು ಹೋಳಾಯ್ತು. ಎಳ್ಳೆಣ್ಣೆ ಅಂಗಳದ ತುಂಬಾ ಹರೀತು.

ಭರಮಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಹೊಸ ಒರಳಿಗೆ ಮರ ಮೂರು ವರ್ಷ ನೆರಳಲ್ಲಿ ಒಣಗಬೇಕು. ಹಸಿ ಮರದಲ್ಲಿ ಮಾಡಿದರೆ ಸೀಳೇ ಸೀಳುತ್ತೆ. ಪೇಟೆಯಿಂದ ಒಣಗಿದ ಒರಳು ತರೋಣ ಅಂದರೆ ಕೈಯಲ್ಲಿ ಕಾಸಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕಾಗುತ್ತಾ?

ಬೆಳಗ್ಗೆ ಎದ್ದವನೇ ದನದ ದಲ್ಲಾಳಿಯನ್ನು ಕರೆತಂದ. "ಕೌಲನ್ನ ಮಾರಿ ಒರಳು ತರ್ತೀನಿ," ಅಂದ.

ತುಂಗವ್ವ ಓಡಿ ಬಂದಳು. "ಎತ್ತು ಮಾರಿ ಗಾಣ ತಂದರೆ ತಿರುಗಿಸೋರು ಯಾರು? ನೀವಾ?"

"ಇನ್ನೇನು ಮಾಡಲೇ? ಬೇರೆ ದಾರಿ ಇದ್ದರೆ ತೋರಿಸು!" ಅವನ ಕಣ್ಣಲ್ಲಿ ನೀರು.

ದಲ್ಲಾಳಿ ಹಗ್ಗ ಹಿಡಿದು ಎಳೆದ. ಕೌಲ ಕದಲಲಿಲ್ಲ. ಮತ್ತೆ ಎಳೆದ. ಕದಲಲಿಲ್ಲ. ಮೂರನೇ ಸಲ ಎಳೆದು ಬಾರುಕೋಲು ಎತ್ತಿದ. ತುಂಗವ್ವ ಅಡ್ಡ ಬಂದಳು.

"ಹಗ್ಗ ಬಿಡಣ್ಣ. ಮನೆಗೆ ಹೋಗಿ ಬಾ. ರೀ, ಏಳಿ, ಆಚೆಮನೆಯವರ ಬಂಡಿ ಕೇಳಿ ತನ್ನಿ. ನನ್ನ ಜೊತೆ ಬನ್ನಿ."

ಬಂಡಿ ಹೋಗಿ ನಿಂತದ್ದು ಬಡಗಿ ಈರಾಚಾರಿಯ ಮನೆ ಮುಂದೆ. ಆಚಾರಿ ನಕ್ಕೊಂಡು ಕೊಟ್ಟಿಗೆಗೆ ಹೋದ, ಹುಲ್ಲಿನ ರಾಶಿ ಸರಿಸಿದ. ಒಳಗೆ ಏನಿತ್ತು? ಹುಣಸೆ ಮರದ ಹೊಸ ಒರಳು! ಮೂರು ವರ್ಷ ಒಣಗಿ ಕಲ್ಲಾಗಿತ್ತು. ಭರಮಣ್ಣ ಬೆರಳಲ್ಲಿ ತಟ್ಟಿದ, ಠಣ್ ಅಂತು.

"ಇದು ಯಾರದ್ದು ಆಚಾರ್ರೇ?"

"ನಿನ್ನ ಹೆಂಡತಿದು ಕಣಯ್ಯ. ಮೂರು ವರ್ಷದ ಹಿಂದೆ ಬಂದು ದಿಮ್ಮಿ ಒಣಗಿಸಿಡು ಅಂದಳು. ಅಮಾವಾಸ್ಯೆಗೊಂದು ಕುಡಿಕೆ ಎಣ್ಣೆ ತಂದುಕೊಟ್ಟಳು, ಒಂದು ಸಲವೂ ತಪ್ಪಲಿಲ್ಲ. ಮೂವತ್ತಾರು ಕುಡಿಕೆ! ಯಾವತ್ತು ಒಯ್ತೀಯವ್ವ ಅಂದರೆ, ನಮ್ಮದು ಒಡೆದ ದಿನ ಅನ್ನೋಳು."

ಭರಮಣ್ಣ ಹೆಂಡತಿಯ ಕಡೆ ತಿರುಗಿದ. ಮೆಲ್ಲಗೆ, "ನನಗ್ಯಾಕೆ ಹೇಳಲಿಲ್ಲ?" ಅಂದ.

"ಹೇಳಿದ್ರೆ ಇದು ಒರಳಾಗ್ತಿರಲಿಲ್ಲ ರೀ. ಇನ್ನೊಂದು ಪೇಟ ಆಗ್ತಿತ್ತು."

ಏನು ಮಾಡಿದ ಗೊತ್ತಾ ಭರಮಣ್ಣ? ತಲೆಯಿಂದ ಜರಿ ಪೇಟ ತೆಗೆದು ಹೆಂಡತಿಯ ತಲೆಗೆ ಇಟ್ಟ. ಬಂಡಿಯ ಮೇಲೆ ಒರಳು, ಒರಳಿನ ಪಕ್ಕ ತುಂಗವ್ವ. ಇವನು ಮುಂದೆ ಮುಂದೆ ನಡೆದು ಬೀದಿಗೆಲ್ಲ ಕೂಗಿದ. "ನೋಡ್ರಪ್ಪೋ! ನೋಡ್ರವ್ವೋ! ಇದು ಹನಿ ತುಂಗವ್ವನ ಗಾಣ! ನಾನು ಹನಿ ತುಂಗವ್ವನ ಗಂಡ!"

ಸಿದ್ದವ್ವ ಬೀದಿ ಬದಿಯಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ತುಂಗವ್ವ ಬಂಡಿಯಿಂದಲೇ ಕೂಗಿದಳು. "ಅಕ್ಕಾ, ಆನೆ ಬಂತು ನೋಡು!" ಅವಳ ಎದೆ ಹೆಮ್ಮೆಯಿಂದ ಬಿರಿಯೋ ಹಾಗಿತ್ತು. ಬಿರಿಯದೆ ಇರುತ್ತಾ? ಒಬ್ಬರ ಹತ್ತಿರ ಕೈ ಚಾಚದೆ ತಂದ ಒರಳು.

ಕಂಚುಗಾರನ ಅಂಗಡಿ ಬಂತು. "ಬಂಡಿ ನಿಲ್ಲಿಸಿ," ಅಂದಳು ತುಂಗವ್ವ. ಇಳಿದು ಹೋಗಿ ಅದೇ ಗಂಟೆಯನ್ನು ಕೈಗೆತ್ತಿಕೊಂಡಳು. ಭರಮಣ್ಣ ಗಾಬರಿಯಾದ.

"ಬೇಕಾ?" ಅಂದ.

"ಬೇಕು."

"ಇವತ್ತೇ ಬೇಕಾ?"

"ಇವತ್ತೇ."

"ಇದೇ ಬೇಕಾ?"

"ಇದೇ ಬೇಕು. ಮೂರು ಸಲ ಎಳೆದರೂ ಮನೆ ಬಿಟ್ಟು ಕದಲಲಿಲ್ಲ ನನ್ನ ಕೌಲ," ಅಂದು ಸೆರಗಿನೊಳಗಿಂದ ಮೂವತ್ತೇಳನೇ ಕುಡಿಕೆ ತೆಗೆದು ಕಂಚುಗಾರನ ಮುಂದಿಟ್ಟಳು.

ಆ ದೀಪಾವಳಿಗೆ ಊರಿನ ಒಂದೊಂದು ಹಣತೆಗೂ ಆ ಗಾಣದ್ದೇ ಎಣ್ಣೆ. ಗಂಟೆ ಅಲ್ಲಿ ಘಲ್ ಅಂತು, ಕಥೆ ಇಲ್ಲಿ ನಿಂತಿತು. ಹೂಂ ಅಂದವರ ಮನೆ ತಣ್ಣಗಿರಲಿ, ತೂಕಡಿಸಿದವರ ಮನೇನೂ ತಣ್ಣಗಿರಲಿ. ಏಳುವಾಗ ಮಾತ್ರ, ಕೇಳಿ, ತಿಂದು ಚೆಲ್ಲಿದ ಕಡಲೆಕಾಯಿ ಬೀಜ ಆರಿಸಿಕೊಂಡು ಏಳಿ. ತುಂಗವ್ವ ನೋಡ್ತಿರ್ತಾಳೆ.