ಆಳಿಗೆ ತಕ್ಕ ಗಡಿಯಾರ

ಇವತ್ತು ಜೂನ್ ಹನ್ನೆರಡು, ಗುರುವಾರ. ಬೆಳಿಗ್ಗೆಯಿಂದ ಮೋಡ, ಗಾಳಿ. ಮಳೆ ಒಂದು ಹನಿ ಇಲ್ಲ... ಗೊತ್ತು ಕಣಮ್ಮ, ನೀನು ಕೇಳಿದ್ದು ಇದಲ್ಲ ಅಂತ ನಂಗೂ ಗೊತ್ತು. ಹೋದ ಕೆಲಸ ಏನಾಯ್ತು ಮಾವ ಅಂತ ಕೇಳ್ದೆ. ಅಲ್ಲಿಗೇ ಬರ್ತಿದೀನಿ. ಮೊದಲು ದಿನ, ಆಮೇಲೆ ಹವಾ, ಆಮೇಲೆ ವಿಷಯ. ರೇಡಿಯೋದೋರೂ ಅಂಗೇ ಅಲ್ವಾ ಹೇಳೋದು?

ಕೂತ್ಕ ಶರಣ್ಯಾ. ನಿಮ್ಮಮ್ಮ ಎಲ್ಲಿ? ಹಿಟ್ಟಿನ ಗಿರಣಿಗಾ? ಒಳ್ಳೇದಾಯ್ತು ಬುಡು. ಅಂದ್ರೆ, ಹನುಮಕ್ಕನಿಂದ ಮುಚ್ಚಿಡೋ ಅಂಥದ್ದೇನಿಲ್ಲ. ನಂಗೆ ಅಕ್ಕ ಅವಳು, ಮಧ್ಯ ಮಧ್ಯ ಬಾಯಿ ಹಾಕ್ತಾಳೆ. ಮಾತಿನ ದಾರಿ ತಪ್ಪುತ್ತೆ. ಅಷ್ಟೇ.

ಹೆಲ್ಮೆಟ್ಟಾ? ಇರ್ಲಿ, ತೊಡೆ ಮೇಲೇ ಇರ್ಲಿ. ಕೈಗೆ ಏನಾದ್ರೂ ಸಿಕ್ಕಿದ್ರೆ ನಂಗೆ ಮಾತು ಸಲೀಸು.

ನಿನ್ನ ಸ್ಕೂಟ್ರು ಏನ್ ಗಾಡಿನಮ್ಮ ಅದು! ಮಧುಗಿರಿ ಬಿಟ್ಟಿದ್ದು ಗೊತ್ತಾಗ್ಲಿಲ್ಲ, ಪಾವಗಡ ಬಂದೇಬುಡ್ತು. ಸ್ವಂತ ಸಂಬಳದಲ್ಲಿ ತಗಂಡಿದ್ದು, ಸುಮ್ನೆನಾ? ಐ.ಡಿ.ಹಳ್ಳಿ ಆಸ್ಪತ್ರೆ ನರ್ಸಮ್ಮ ಬಂದ್ಲು ಅಂದ್ರೆ ಆ ಗಾಡಿ ಸದ್ದಿಗೇ ಅರ್ಧ ಜ್ವರ ಇಳೀತದೆ ಅಂತಾರೆ ಹಳ್ಳಿ ಜನ... ಎಲ್ಲೈತೆ ಅಂತೀಯ? ನೆರಳಲ್ಲೈತೆ. ಭದ್ರವಾಗೈತೆ. ಅದು ಕೊನೇಗೆ ಬರುತ್ತೆ. ಕಥೆ ಕೊನೇಗೆ.

ಯಾಕೆ ಕೈ ಹಿಡ್ಕಂಡೆ? ನಾಡಿನಾ? ನಂಗೇನಾಗೈತೆ? ಬೆವೆತಿದ್ದು ಸೆಕೆಗೆ ಕಣಮ್ಮ. ಸರಿ, ನೋಡ್ಕ. ನಿನ್ನ ಪುಟ್ಟ ವಾಚು ನೋಡ್ಕಂಡು ಎಣಿಸ್ಕ. ನಿಂಗೆ ಆ ಪುಟ್ಟ ವಾಚೇ ಲಕ್ಷಣ. ಯಾಕೆ ಅಂತ ಹೇಳ್ಲಾ? ಮುಂಗೈ ಅನ್ನೋದು ಒಂದು ಸೈಟು. ವಾಚು ಮನೆ. ಮನೆ ಕಟ್ಟೋವಾಗ ಸುತ್ತ ಜಾಗ ಬುಡಬೇಕೋ ಬೇಡ್ವೋ? ಗಾಳಿ ಬೆಳಕು ಆಡ್ಬೇಕೋ ಬೇಡ್ವೋ? ಈ ಹುಡುಗ್ರು ಇದಾರಲ್ಲ, ಕಡ್ಡಿ ಹಂಗಿರೋ ಕೈಗೆ ಬಾಣಲೆ ಹಂಗಿರೋ ವಾಚು ಕಟ್ತಾರೆ. ಪಕ್ಕದ ಸೈಟಿಗೂ ನುಗ್ಗೈತೆ ಮನೆ!

ನಂದಾ? ನನ್ನ ವಾಚು ದೊಡ್ಡದೇ. ಒಪ್ಕಂತೀನಿ. ಅವತ್ತು ನೀನೇ ಅಲ್ವಾ ಆಡ್ಕಂಡಿದ್ದು, ಮಾವ ಕೈಗೆ ವಾಚು ಕಟ್ಟಿಲ್ಲ, ವಾಚಿಗೆ ಕೈ ಕಟ್ಕಂಡವ್ರೆ ಅಂತ? ನಂದು ಬೇರೆ ವಿಷಯ ಕಣಮ್ಮ. ನಾನು ಸಣಕಲ. ನಾಲ್ಕು ಜನ ಸೇರಿದ ಕಡೆ ನನ್ನ ಮಾತಿಗೆ ತೂಕ ಬೇಕಲ್ಲ. ಅದು ಆ ವಾಚಿಂದ ಬರ್ತಿತ್ತು.

ಬರ್ತಿತ್ತು ಅಂದ್ನಾ? ಬರುತ್ತೆ. ಬರುತ್ತೆ ಅಂತ ಅಂದಿದ್ದು.

ಹೂಂ, ವಿಷಯ. ಭಾನುವಾರ ನಿನ್ನ ವೀಳ್ಯದ ಶಾಸ್ತ್ರ. ನಮ್ಮ ಕಡೆ ಪದ್ಧತಿ ಏನು? ಹುಡುಗನ ಕೈಗೆ ಹೆಣ್ಣಿನ ಸೋದರಮಾವ ವಾಚು ಕಟ್ಟಬೇಕು. ಉಂಗುರ ಯಾರಾದ್ರೂ ಹಾಕ್ಲಿ, ವಾಚು ಮಾವಂದು. ಅದೂ ನಾನೇ ತಂದ ಸಂಬಂಧ. ನಿಮ್ಮಮ್ಮ ನನ್ನ ಮುಖ ನೋಡಿ ಹೂಂ ಅಂದವ್ಳೆ. ವಾಚು ದೊಡ್ಡದಾಗಿ ಜೋತಾಡಿದ್ರೂ ಅವಮಾನ, ಚಿಕ್ಕದಾಗಿ ಹಿಡ್ಕಂಡ್ರೂ ಅವಮಾನ. ಅದಕ್ಕೇ ಬೀಗ್ರಿಗೆ ಫೋನ್ ಮಾಡಿ ಅಳತೆ ಕಳ್ಸಿ ಅಂದೆ. ಬಸ್ ಕಂಡಕ್ಟರ್ ಕೈಲಿ ಕಳ್ಸಿದ್ರು. ಪೇಪರ್ ಬಿಚ್ಚಿ ನೋಡ್ತೀನಿ, ಒಂದು ಬಳೆ! ಹಸಿರು ಗಾಜಿನ ಬಳೆ!

ನಗು, ನಗು. ಹೆಣ್ಣಿನ ಕಡೆಯೋರು ಅಳತೆ ಕೇಳಿದ್ರೆ ಬೀಗಿತಿಗೆ ಬಳೆ ತೊಡ್ಸೋಕೆ ಅಂತ ಅವ್ರು ಅನ್ಕಂಡವ್ರೆ. ನಾನೇನನ್ಕಂಡೆ? ಹುಡುಗನ ಮುಂಗೈಗೆ ಸರಿಯಾದ ಬಳೆ ಹುಡುಕಿ ಕಳ್ಸವ್ರೆ, ಎಂಥಾ ಅಚ್ಚುಕಟ್ಟು ಜನ ಅನ್ಕಂಡೆ!

ಹಾಲೇಶನ್ನ ನೋಡಿರ್ಲಿಲ್ವಾ ಅಂತೀಯ? ನೋಡಿದ್ದೆ. ಹೆಣ್ಣು ನೋಡೋಕೆ ಬಂದಾಗ ತುಂಬು ತೋಳಿನ ಶರ್ಟು ಹಾಕ್ಕಂಡಿದ್ದ. ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಬಂದ, ನಿಜ. ಆದ್ರೂ ಮೈ ದಪ್ಪ, ಕೈ ನಾಜೂಕು ಇರಬೋದಲ್ಲ? ಆನೆಗೆ ಬಾಲ ಸಣ್ಣಕಿಲ್ವಾ?

ಸಿರಾದಲ್ಲಿ ಸಾಬ್ರ ಅಂಗಡಿಲಿ ಬಳೆ ಇಟ್ಟೆ. ಅವ್ರು ಬಳೆ ನೋಡಿದ್ರು, ನನ್ನ ಮುಖ ನೋಡಿದ್ರು. 'ಭಯ್ಯಾ, ಇದು ಗಂಡಸಿನ ಕೈಯಾ?' ಅಂದ್ರು. ಸೋಲಾರ್ ಪಾರ್ಕಲ್ಲಿ ಕೆಲಸ ಅಂದೆ. ಅವರಿಗೂ ಅದು ಉತ್ತರ ಅನ್ನಿಸ್ತು ಅಂತ ಕಾಣುತ್ತೆ. 'ಬಡಾ ಡಯಲ್ ಜಮಾನಾ ಹೋಯ್ತು, ಈಗ ಛೋಟಾ ವಾಚೇ ಶಾನ್' ಅಂತ ಒಂದು ಪುಟ್ಟದು ತೋರ್ಸಿದ್ರು. ಚಿನ್ನದ ಬಣ್ಣ, ಚಿಕ್ಕ ಮುಖ, ಮುದ್ದಾಗಿತ್ತು. ತಗಂಡೆ. ಭಾನುವಾರಕ್ಕೆ ಮುಂಚೆ ಒಂದ್ಸಲ ಕಟ್ಟಿ ನೋಡೋಣ ಅಂತ ಇವತ್ತು ಪಾವಗಡಕ್ಕೆ, ಬೀಗ್ರ ಮನೆಗೆ ಹೋದೆ. ಅದಕ್ಕೇ ನಿನ್ನ ಗಾಡಿ ಕೇಳಿದ್ದು.

ಹಾಲೇಶ ಬನಿಯನ್ನಲ್ಲಿ ಬಂದ.

ಶರಣ್ಯಾ, ಮುಂಗೈ ಅಲ್ಲ ಅದು. ಒನಕೆ. ವಾಚಿನ ಪಟ್ಟಿ ಎರಡು ತುದಿನೂ ಹಿಡಿದು ಎಳೀತೀನಿ, ಎಳೀತೀನಿ, ಒಂದರ ಮುಖ ಇನ್ನೊಂದು ನೋಡ್ಲಿಲ್ಲ. ಹುಡುಗ ಪಾಪ, ಉಸಿರು ಬಿಗಿ ಹಿಡ್ದ. ಉಸಿರು ಹಿಡಿದ್ರೆ ಮುಂಗೈ ಸಣ್ಣ ಆಗುತ್ತೇನಮ್ಮ? ಒಳ್ಳೇ ಹುಡುಗ, ಮಾತಿಲ್ಲ. ಅಷ್ಟರಲ್ಲಿ ಬೀಗಿತಿ ಮಹಾಲಕ್ಷ್ಮಮ್ಮ ಬಂದ್ರು. 'ಇದು ನನ್ನ ಬಳೆ ಅಳತೆ ಅಲ್ವೇನಣ್ಣಾ!' ಅಂತ ಕೈಗೆ ಹಾಕ್ಕಂಡ್ರು. ಟಕ್ ಅಂತ ಕೂತ್ಕಂತು. 'ಎಂತ ಬಾಗುಂದಿ, ಎಷ್ಟು ಚೆಂದೈತೆ!' ಅಂತ ತೆಲುಗೂ ಕನ್ನಡನೂ ಬೆರೆಸಿ ಅಂದು ಕೈ ಆ ಕಡೆ ಈ ಕಡೆ ತಿರುಗಿಸಿದ್ರು. ಪಕ್ಕದ ಮನೆಯೋರ್ನ ಕರೆದು ತೋರ್ಸಿದ್ರು. ಆಮೇಲೆ ಅದೇ ಕೈಲಿ ನಂಗೆ ಕಾಫಿ ಕೊಟ್ರು. ಬಿಚ್ಚಿ ಕೊಡಿ ಅಂತ ಹೆಂಗೆ ಕೇಳ್ಲಿ? ಬೀಗಿತಿ ಕೈಯಿಂದ ವಾಚು ಬಿಚ್ಚಿಸಿದೋನು ಅಂತ ಮೂರು ತಾಲ್ಲೂಕಲ್ಲಿ ಹೆಸರಾಗೋದು ಬೇಕಾ?

ಬಡ್ಕಂತೈತಾ ನಾಡಿ? ಬಡ್ಕಂಡೇ ಬಡ್ಕಂತದೆ. ಅಷ್ಟು ದೂರ ಬಸ್ಸಲ್ಲಿ ನಿಂತ್ಕಂಡು...

ಬಸ್ಸು ಅಂದ್ನಾ? ಬಸ್ಸಿನ ಹಿಂದೆ ಬಂದೆ ಅಂದೆ. ಅದರ ಹೊಗೆ, ಧೂಳು... ಹಂಗೆ ನೋಡ್ಬೇಡ ಕಣಮ್ಮ. ಏನು ನೋಡ್ತಿದೀಯ ಮುಂಗೈನ? ಬಿಳೀ ಪಟ್ಟೆನಾ? ಹೂಂ. ವಾಚು ಇದ್ದ ಜಾಗ ಅದು. ಇದ್ದ ಜಾಗ.

ಏನ್ ಮಾಡ್ಲಿ, ಮರ್ಯಾದೆ ಪ್ರಶ್ನೆ! ಹುಡುಗನ ಕೈ ಬರಿದು. ನಡುಮನೆ ತುಂಬ ಜನ. ಅರ್ಧ ಜನ ಚಿಕ್ಕದು ಚೆಂದ ಅಂತಾರೆ, ಅರ್ಧ ಜನ ದೊಡ್ಡದು ಚೆಂದ ಅಂತಾರೆ. ನಾನು ಎದ್ದು ನಿಂತು ಹೇಳ್ದೆ: 'ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ. ಆಳು ನೋಡಿ ಅಳತೆ. ದೊಡ್ಡಾಳಿಗೆ ದೊಡ್ಡದೇ ಒಪ್ಪೋದು.' ಎಲ್ರೂ ತಲೆ ಆಡ್ಸಿದ್ರು. ನಂಗೂ ಹುರುಪು ಬಂತು. ನನ್ನ ವಾಚೇ ಬಿಚ್ಚಿ ಕೊಟ್ಬುಟ್ಟೆ. ಹಾಲೇಶನ ಕೈ ಮೇಲೆ ಅದು ಕುಂಬಳಕಾಯಿಗೆ ಬೊಟ್ಟು ಇಟ್ಟಂಗೆ ಕಾಣ್ತು. ಬೀಗ್ರು ಗಂಗಾಧರಯ್ಯನೋರು 'ಇಲ್ಲಿ ಕೊಡಿ, ನೋಡೋಣ' ಅಂದ್ರು. ನನ್ನಂಗೇ ಸಣಕಲ ಮನುಷ್ಯ. ಕಟ್ಕಂಡ್ರು. ಅದೇನು ಗತ್ತು ಬಂತು ಅಂತೀಯ! ತಕ್ಷಣ ಧ್ವನಿನೇ ಬದಲಾಯ್ತು. 'ಇದು ನಮಗೇ ಇರ್ಲಿ ಬುಡಿ' ಅಂದ್ರು. ಆ ಧ್ವನಿಗೆ ನಾನೇ ಹೂಂ ಅಂದ್ಬುಟ್ಟೆ.

ಅಮ್ಮಂಗಾಯ್ತು, ಅಪ್ಪಂಗಾಯ್ತು. ಮದುವೆ ಗಂಡಿಗೆ?

ಹಾಲೇಶ ಕೈ ಹಿಂದಕ್ಕೆ ಕಟ್ಕಂಡು ನಿಂತ. ಗಂಗಾಧರಯ್ಯನೋರು ನನ್ನ ವಾಚಲ್ಲಿ ಟೈಮ್ ನೋಡ್ಕಂಡು, 'ಆಳು ನೋಡಿ ಅಳತೆ ಅಂದ್ರಲ್ಲ, ಸಂಜೀವಯ್ಯನೋರೇ, ಹುಡುಗಂಗೆ ಏನು ಒಪ್ಪುತ್ತೆ ನೀವೇ ಹೇಳಿ' ಅಂದ್ರು. ಗಾಳಿಗಾದ್ರೂ ನಿಲ್ಲೋಣ ಅಂತ ಆಚೆ ಬಂದೆ. ಎಲ್ರೂ ನನ್ನ ಹಿಂದೆ ಬಂದ್ರು. ಗಾಡಿ ಬಿಸಿಲಲ್ಲಿತ್ತು... ಮೋಡ ಅಂದ್ನಲ್ಲ, ಅಲ್ಲಿ ಒಂದು ಗಳಿಗೆ ಬಿಸಿಲು ಬಿದ್ದಿತ್ತು. ಹಾಲೇಶ ಒಳ್ಳೇ ಹುಡುಗ ಅಂದೆನಲ್ಲ, ಯಾರೂ ಹೇಳದೇನೇ ಗಾಡಿನ ಹೊಂಗೆ ಮರದ ನೆರಳಿಗೆ ತರೋಣ ಅಂತ ಹತ್ತಿ ಕೂತ.

ಶರಣ್ಯಾ, ನನ್ನ ಕಣ್ಣಾರೆ ನೋಡ್ದೆ. ಸರಿಯಾಗಿತ್ತು! ಭುಜಕ್ಕೆ ಹ್ಯಾಂಡಲ್ ಸರಿ, ಕಾಲಿಗೆ ಜಾಗ ಸರಿ, ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು, ಸೈಟಲ್ಲಿ ಮನೆ ಕಟ್ಟಿದಂಗೆ! ಗಂಗಾಧರಯ್ಯನೋರು 'ಸರಿಪೋಯಿಂದಿ, ಸರಿಹೋಯ್ತು!' ಅಂತ ಚಪ್ಪಾಳೆ ತಟ್ಟಿದ್ರು. ಅಲ್ಲ, ಶಾಸ್ತ್ರಕ್ಕೆ ವಾಚೇ ಆಗ್ಬೇಕಲ್ಲ ಅಂದೆ ನಾನು. ಬಿಟ್ಟುಕೊಡ್ಲಿಲ್ಲ ಕಣಮ್ಮ, ಅಂದೆ! ಅದಕ್ಕೆ ಬೀಗಿತಿ ಬಗ್ಗಿ ಮೀಟ್ರು ನೋಡಿದ್ರು. 'ಇದ್ರಲ್ಲೂ ಟೈಮ್ ತೋರ್ಸುತ್ತಲ್ಲಣ್ಣಾ!' ಅಂದ್ರು.

ತೋರ್ಸುತ್ತೆ. ಸುಳ್ಳಲ್ಲ. ಕೀ ತಿರುಗಿಸಿದ್ರೆ ಮೂಲೇಲಿ ಬರುತ್ತೆ. ನೀನೇ ಸರಿ ಮಾಡಿಟ್ಟಿರೋದು, ನಿಮಿಷವೂ ಆಚೀಚೆ ಇಲ್ಲ.

ನಾನೇನು ಹೇಳ್ಲಮ್ಮ? ನನ್ನ ಮಾತೇ ನನ್ನ ಮುಂದೆ ಸ್ಟ್ಯಾಂಡ್ ಹಾಕ್ಕಂಡು ನಿಂತಿತ್ತು. ಬೇಡ ಅಂದ್ರೆ ಸಂಬಂಧ ಮುರೀತು ಅಂತ ನಿಮ್ಮಮ್ಮನ ಮುಂದೆ ಹೆಂಗೆ ನಿಲ್ಲಲಿ? ಮದುವೆ ಆದ್ಮೇಲೆ ಗಾಡಿ ಒಂದೇ ಮನೇಲಿ ತಾನೇ ಇರೋದು ಅಂದ್ರು. ನಂಗೂ ಅದು ಹೌದು ಅನ್ನಿಸ್ತು, ಒಂದು ಕ್ಷಣ. ಆ ಒಂದು ಕ್ಷಣದಲ್ಲೇ ಕುಂಕುಮ ತಂದ್ರು. ಸೋದರಮಾವನೇ ಇಡ್ಬೇಕು ಅಂದ್ರು. ಇಟ್ಟೆ. ಚಕ್ರದಡಿ ನಿಂಬೆಹಣ್ಣು ಅಂದ್ರು. ಇಟ್ಟೆ. ಕೀ ಅಂದ್ರು.

ಕೊಟ್ಟೆ.

ಹೆಲ್ಮೆಟ್ಟೂ ಕೊಟ್ಟಿದ್ದೆ ಕಣಮ್ಮ. ಅವನ ತಲೆಗೆ ಹಿಡೀಲಿಲ್ಲ. ಅದಕ್ಕೇ ವಾಪಸ್ ಬಂತು.

ಏನಾದ್ರೂ ಅನ್ನು. ಬಯ್ಯಿ. ಕೈ ಯಾಕೆ ಬುಟ್ಟೆ, ನಾಡಿ ಸರಿಯಾಗೈತಾ?... ಎಲ್ಲಿಗೆದ್ದೆ? ಆ ಮೊಳೆಗೆ ತಗಲಾಕಿರೋದು ಏನದು? ಇನ್ನೊಂದು ಕೀನಾ? ಇನ್ನೊಂದು ಇತ್ತಾ? ನಂಗೆ ಯಾರೂ ಹೇಳ್ನಿಲ್ವಲ್ಲ!... ಹೆಲ್ಮೆಟ್ ಯಾಕೆ ಕಿತ್ಕಂತೀಯ? ಇರು, ಶರಣ್ಯಾ, ನಿಂತ್ಕ. ನಿಮ್ಮಮ್ಮ ಬಂದ್ರೆ ಏನಂತ ಹೇಳ್ಲಿ? ಲೇ, ಪಾವಗಡದ ಬಸ್ಸು ಹತ್ತೋಕೆ ಹೆಲ್ಮೆಟ್ ಯಾಕೆ ಹಾಕ್ಕಂಡೆ?

ಓ.

ಬರೋವಾಗ ಗಾಡಿಲಿ ಬರೋಕಾ.